ನಾನು ಉಣ್ಣದ ಎಡೆ

ನಮ್ಮ ಹಟ್ಟಿಯಿಂದ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗ. ಇದನ್ನು ವಿನಯವಾಗಿ ಹೇಳಲು ನನಗೆ ಬರುವುದಿಲ್ಲ. ಹಾರೋಹಳ್ಳಿಗೂ ಕನಕಪುರಕ್ಕೂ ನಡುವೆ, ಟಾರು ರಸ್ತೆ ಬಿಟ್ಟು ಒಳಗೆ ನಡೆದರೆ ನಮ್ಮೂರು. ಒಂದಷ್ಟು ರಾಗಿ ಹೊಲ, ಉಳಿದಂತೆ ಕುರಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹಾವು ಕಚ್ಚಿ ಸತ್ತ. ನನಗಿಂತ ಮೂರು ವರ್ಷ ದೊಡ್ಡವನಾದ ಅಣ್ಣ ಮಾರನೇ ವಾರವೇ ಸ್ಕೂಲು ಬಿಟ್ಟು ಅಪ್ಪನ ಕೋಲು ಹಿಡಿದ. ನಾನು ಓದಿದೆ. ಕನಕಪುರದ ಕಾಲೇಜಿನಲ್ಲಿ ಪಕ್ಕದಲ್ಲಿ ಕೂತವರು ಮೂಗು ಸಿಂಡರಿಸಿ, "ಕುರಿ ವಾಸ್ನೆ ಕಣೋ" ಎಂದು ಬೆಂಚಿನ ಆ ತುದಿಗೆ ಸರಿದರು. ಸರಿದವರಲ್ಲಿ ಇಬ್ಬರು ಫೇಲಾದರು, ನಾನು ಪಾಸಾದೆ. ಇಷ್ಟು ವರ್ಷದ ಮೇಲೂ ಅದನ್ನು ನೆನೆದರೆ ನನಗೆ ಖುಷಿಯಾಗುತ್ತದೆ. ಇಂಥ ಮನುಷ್ಯ ನಾನು ಎಂಬುದು ಓದುವವರಿಗೆ ಮೊದಲೇ ಗೊತ್ತಿರಲಿ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹಾರೋಹಳ್ಳಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ನಮ್ಮ ಕುರಿ ಮೇಯುತ್ತಿದ್ದ ಗೋಮಾಳದ ಮೇಲೂ ಒಂದು ಎದ್ದಿತು. ಅದರ ಸ್ಟೋರ್ಸಿನಲ್ಲೇ ನನಗೆ ಕೆಲಸ ಸಿಕ್ಕಿತು. ಬೋಲ್ಟು, ಬೇರಿಂಗು, ಕೈಗವಸು ಎಣಿಸಿ ಕೊಟ್ಟು ರಿಜಿಸ್ಟರಿನಲ್ಲಿ ಬರೆಯುವ ಕೆಲಸ. ಇಸ್ತ್ರಿ ಅಂಗಿ, ಕುತ್ತಿಗೆಗೆ ಗುರುತಿನ ಚೀಟಿ. ಸಂಜೆ ಜೊತೆಯವರೊಂದಿಗೆ ಒಂದು ಕ್ವಾರ್ಟರು ಬ್ರಾಂದಿ. ಕಾಂಪೌಂಡಿನ ಹೊರಗೆ ಉಳಿದಿದ್ದ ಒಂದು ಪಟ್ಟಿ ಹುಲ್ಲಿನಲ್ಲಿ ಅಣ್ಣ ಕುರಿ ಮೇಯಿಸುತ್ತಿದ್ದ. ಅವನು ಮುಂದಿನ ಗೇಟಿನ ಕಡೆ ಇದ್ದ ದಿನ ನಾನು ಹಿಂದಿನ ಗೇಟಿನಿಂದ ಒಳಗೆ ಹೋಗುತ್ತಿದ್ದೆ.

ಆ ವರ್ಷದ ಮಳೆಗೆ ಕಾಂಪೌಂಡಿನ ಹಿಂಗೋಡೆ ಒಂದು ಕಡೆ ಕುಸಿಯಿತು. ಕುಸಿದ ಜಾಗದಿಂದ ನಾಲ್ಕು ಮಾರು ಒಳಗೆ, ಕಾರ್ಖಾನೆ ಬರುವ ಮೊದಲಿನ ಒಂದು ಕುಂಟೆ ಇತ್ತು, ನಮ್ಮ ಕುರಿ ನೀರು ಕುಡಿಯುತ್ತಿದ್ದ ಕುಂಟೆ. ಈಗ ಅದಕ್ಕೆ ಯಂತ್ರ ತೊಳೆದ ಎಣ್ಣೆನೀರು ಬಿಡುತ್ತಿದ್ದರು. ಕುರಿಗಳಿಗೆ ಮಾತ್ರ ಅದು ಹಳೇ ಕುಂಟೆಯೇ. ಒಂದು ಮಧ್ಯಾಹ್ನ ಅಣ್ಣ ಹೊಂಗೆ ಮರದ ಕೆಳಗೆ ಕಣ್ಣು ಮುಚ್ಚಿದ್ದಾಗ ಹನ್ನೊಂದು ಕುರಿ ಹಳೇ ಜಾಡು ಹಿಡಿದು ಒಳಗೆ ನುಗ್ಗಿ ಆ ನೀರು ಕುಡಿದವು. ಸೂಪರ್‌ವೈಸರ್ ಅವನ್ನು ಹಿಡಿಸಿ ಗುಜರಿ ಅಂಗಳದಲ್ಲಿ ಕೂಡಿಸಿದ. ಆ ಕಡೆಯವನು ಎಂದು ನನ್ನನ್ನು ಕರೆದ.

ನಾನು ಹೋಗಿ, "ಏನ್ ಸರ್" ಎಂದೆ ಅಷ್ಟೆ. ಹನ್ನೊಂದೂ ತಲೆ ಎತ್ತಿದವು. ಅವುಗಳಲ್ಲಿ ಅವ್ವ ತವರಿನಿಂದ ತಂದಿದ್ದ ಕುರಿಯ ತಳಿ ಒಂದಿತ್ತು, ಮರಿಯಾಗಿದ್ದಾಗ ನಾನೇ ಬಾಟಲಿಯಲ್ಲಿ ಹಾಲು ಕುಡಿಸಿದ್ದೆ. ಅದು ನುಗ್ಗಿ ಬಂದು ನನ್ನ ಪ್ಯಾಂಟಿನ ಜೇಬಿಗೆ ಮೂತಿ ತೂರಿಸಿತು.

"ಏನ್ರೀ, ನೆಂಟರನ್ನ ಕಂಡಂಗೆ ಬರ್ತವೆ?"

"ಜೇಬಲ್ಲಿ ಕಡ್ಲೆಕಾಯಿ ಇತ್ತು ಸರ್."

"ಯಾರ ಕುರಿ ಇವು?"

"ಗೊತ್ತಿಲ್ಲ ಸರ್."

ಸೂಪರ್‌ವೈಸರ್ ಹೇಳಿದಂತೆ ನಾನೇ ಗೇಟಿನ ರಿಜಿಸ್ಟರಿನಲ್ಲಿ ಬರೆದೆ: ಗುರುತಿಲ್ಲದ ಕುರಿ, ಹನ್ನೊಂದು. ನನ್ನ ಅಕ್ಷರ ದುಂಡಗಿದೆ. ಅಣ್ಣ ಹೊತ್ತು ಮುಳುಗುವವರೆಗೂ ಗೇಟಿನ ಮುಂದೆ ಟವೆಲು ಕೈಯಲ್ಲಿ ಹಿಡಿದು ನಿಂತಿದ್ದ. ಗೇಟಿನವನು, "ನಾಳೆ ಸಾಹೇಬ್ರು ಬರ್ತಾರೆ, ಆಗ ಬಾ" ಎಂದು ಕಳಿಸಿದ. ಬೆಳಿಗ್ಗೆ ಬಂದಾಗ ಒಂಬತ್ತನ್ನು ಬಿಟ್ಟುಕೊಟ್ಟರು, ಎರಡು ಸತ್ತಿದ್ದವು, ಬಾಯಲ್ಲಿ ನೊರೆ. ಒಂದು ಅವ್ವನ ತವರಿನ ಕುರಿ. ಅಣ್ಣ ಅದನ್ನು ಹೆಗಲ ಮೇಲೆ ಹಾಕಿಕೊಂಡ, ಇನ್ನೊಂದನ್ನು ನಮ್ಮಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ವಯಸ್ಸಾದವರೊಬ್ಬರು ಎತ್ತಿ ರಸ್ತೆಯವರೆಗೆ ತಂದುಕೊಟ್ಟರು. ನಾನು ಸ್ಟೋರ್ಸಿನ ಕಿಟಕಿಯಿಂದ ನೋಡಿದೆ.

ಮನೆಯಲ್ಲಿ ಅಣ್ಣ ನನ್ನ ಹೆಸರೆತ್ತಲಿಲ್ಲ. "ನಾನು ಒಸಿ ಕಣ್ಮುಚ್ಚಿದ್ದೆ ಅವ್ವ, ನುಗ್ಬುಟ್ವು" ಎಂದ.

"ನಿಮ್ಮಪ್ಪನ ಕೋಲು ಹಿಡಿಯೋ ಯೋಗ್ತೆ ಐತೇನ್ಲಾ ನಿಂಗೆ?" ಎಂದಳು ಅವ್ವ.

ಅವತ್ತಿನಿಂದ ಅವಳು ಅಣ್ಣನಿಗೆ ಕೈಯಾರೆ ಬಡಿಸುವುದನ್ನು ಬಿಟ್ಟಳು. ಅವನ ಮುಂದೆ ಪಾತ್ರೆ ಕುಕ್ಕಿ ಎದ್ದುಹೋಗುವಳು. ನನ್ನ ತಟ್ಟೆಗೆ ಮಾತ್ರ ಬಿಸಿ ಮುದ್ದೆ ಇಕ್ಕಿ, "ನೀನೊಬ್ಬನಾದ್ರೂ ನೆಟ್ಗಾದಲ್ಲ ಮಗ" ಎನ್ನುವಳು. ಅಣ್ಣ ಎದುರಿಗೆ ಕೂತಿರುತ್ತಿದ್ದ. ನಾನು ಉಣ್ಣುತ್ತಿದ್ದೆ.

ಆ ವೆಲ್ಡರು ಚನ್ನಪಟ್ಟಣದ ಕಡೆಯವರು. ಮೊದಲು ಮರದ ಗೊಂಬೆ ಕಡೆಯುತ್ತಿದ್ದರಂತೆ, ಆ ಕೆಲಸ ಕುಸಿದ ಮೇಲೆ ಕಾರ್ಖಾನೆಗೆ ಬಂದಿದ್ದರು. ಹಾರೋಹಳ್ಳಿಯಲ್ಲಿ ಶೀಟಿನ ಮನೆ ಬಾಡಿಗೆ ಹಿಡಿದು ಭಾನುವಾರ ಅಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು. ಒಂದು ದಿನ ವೆಲ್ಡಿಂಗ್ ಕಡ್ಡಿ ತೆಗೆದುಕೊಳ್ಳಲು ಬಂದವರು ಕಿಟಕಿಯಲ್ಲೇ ನಿಂತು ಹೇಳಿದರು:

"ಏನಪ್ಪ ಸ್ಟೋರು, ಆ ಕುರಿ ನಿಮ್ಮನೇವು."

"ಯಾರು ಹೇಳಿದ್ದು ನಿಮ್ಗೆ?"

"ಯಾರೂ ಹೇಳ್ನಿಲ್ಲ, ನಂಗೂ ಕಣ್ಣೈತೆ. ಎದ್ರುಕಬ್ಯಾಡ, ಸೂಪರ್‌ವೈಸರ್‌ಗೆ ಹೇಳಕಿಲ್ಲ. ಭಾನ್ವಾರ ನಮ್ಮನೆಗೆ ಬಾ."

ನಾನು ಹೋದೆ. ದೇವರು ಕರೆದ ಎಂದು ಹೋಗಲಿಲ್ಲ, ಇವರು ಬಾಯಿಬಿಟ್ಟಾರು ಎಂಬ ಭಯಕ್ಕೆ ಹೋದೆ. ಅಲ್ಲಿ ಇಪ್ಪತ್ತು ಜನ ಇದ್ದಿರಬೇಕು. ಬಂಡೆ ಒಡೆಯುವವರು, ರಾಮನಗರದಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಹೆಂಗಸರು, ಗಾರೆ ಕೆಲಸದವರು. ನಮ್ಮ ಹಟ್ಟಿಯವರು ಯಾರ ಮನೆಯಲ್ಲಿ ನೀರು ಮುಟ್ಟುವುದಿಲ್ಲವೋ ಅಂಥವರೂ ಇದ್ದರು. ಪ್ರಾರ್ಥನೆ ಮುಗಿದು ಅನ್ನ ಸಾರು ಉಂಡೆವು. ನಾನು ಕೈ ತೊಳೆದು ಹೊರಡುವಾಗ ಆ ವೆಲ್ಡರ್ ಹಿರಿಯರು ತಟ್ಟೆಗಳ ರಾಶಿ ತೋರಿಸಿದರು.

"ಡಿಗ್ರಿ ಓದಿದ್ದೀಯಲ್ಲ, ಅವನ್ನ ತೊಳಿ."

"ಅಯ್ಯೋ ಬುಡಿ ಯಜಮಾನ್ರೇ, ಆಫೀಸರ ಕೈ ಸವ್ದೋದಾತು" ಎಂದಳು ಒಬ್ಬ ಹೆಂಗಸು. ಎಲ್ಲರೂ ನಕ್ಕರು.

ಸಿಟ್ಟಿನಲ್ಲೇ ತೊಳೆದೆ. ಮುಂದಿನ ಭಾನುವಾರ ಏಕೆ ಹೋದೆನೋ ಗೊತ್ತಿಲ್ಲ, ಮತ್ತೆ ತೊಳೆದೆ. ಮೂರನೆಯ ಭಾನುವಾರ ಕೈಯಲ್ಲಿ ಬೂದಿ, ತೆಂಗಿನ ನಾರು ಹಿಡಿದು ಯಾರದೋ ಎಂಜಲು ತಟ್ಟೆ ಉಜ್ಜುತ್ತಿದ್ದಾಗ ಅವ್ವ ಅಣ್ಣನ ಮುಂದೆ ಕುಕ್ಕುವ ಪಾತ್ರೆ ನೆನಪಾಯಿತು. ಒಳಗೆ ಹೋಗಿ ಇಪ್ಪತ್ತು ಜನರ ಮುಂದೆ ಕುರಿಯ ಸಂಗತಿ ಹೇಳಿದೆ. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಹಿರಿಯರು ನನ್ನ ತಲೆ ಮೇಲೆ ಕೈಯಿಟ್ಟರು. ನನ್ನನ್ನು ಯೇಸು ಸ್ವಾಮಿ ಕರೆದದ್ದು ಅಲ್ಲಿ ಎಂದು ನಾನು ಆಗ ನಂಬಿದೆ, ಈಗಲೂ ನಂಬುತ್ತೇನೆ.

ಆಮೇಲೆ ಹಿರಿಯರು ಕೇಳಿದರು: "ನಿಮ್ಮಣ್ಣಂಗೆ ಹೇಳ್ದಾ?"

"ಹೇಳ್ತೀನಿ" ಎಂದೆ. ಹೇಳಲಿಲ್ಲ. ದೇವರ ಹತ್ತಿರ ಕ್ಷಮೆ ಸಿಕ್ಕಿದ ಮೇಲೆ ಕುರಿ ಕಾಯುವವನ ಹತ್ತಿರ ಕೇಳುವುದೇನು ಎಂದುಕೊಂಡೆನೋ ಏನೋ.

ದೀಕ್ಷಾಸ್ನಾನ ಚನ್ನಪಟ್ಟಣದಾಚೆಯ ಒಂದು ಕೆರೆಯಲ್ಲಾಯಿತು. ಹೋಗುವಾಗ ಬಸ್ಸು ಕೆಂಗಲ್ಲಿನ ಗುಡಿ ದಾಟಿತು. ಬಸ್ಸಿನಲ್ಲಿದ್ದವರು ಕೂತಲ್ಲೇ ಕೈ ಮುಗಿದರು, ಡ್ರೈವರು ಒಂದು ಕೈ ಎದೆಗೆ ಮುಟ್ಟಿಸಿಕೊಂಡ. ಅಭ್ಯಾಸಬಲಕ್ಕೆ ನನ್ನ ಕೈಯೂ ಎದ್ದುಬಿಟ್ಟೀತೆಂದು ಎರಡೂ ಕೈಗಳನ್ನು ತೊಡೆ ಕೆಳಗೆ ಹಾಕಿಕೊಂಡು ಕೂತೆ. ಕುಡಿತ ಬಿಟ್ಟೆ, ಬೈಗುಳ ಬಿಟ್ಟೆ. ಊರಿನಲ್ಲಿ ಗುಸುಗುಸು ಎದ್ದಿತು. ಅವ್ವ ಮಾತ್ರ, "ಕುಡ್ಯೋದು ಬುಟ್ಟವ್ನಲ್ಲ, ಸಾಕು" ಎಂದು ಸುಮ್ಮನಿದ್ದಳು. ನಾನು ಸುಮ್ಮನಿರಲಿಲ್ಲ. ಉಣ್ಣಲು ಕೂತಾಗಲೆಲ್ಲ ಬೋಧನೆ. ಸ್ವಾಮಿ ಬಾ ಎಂದ ಕೂಡಲೇ ಮೀನು ಹಿಡಿಯುವ ಅಣ್ಣತಮ್ಮಂದಿರು ಬಲೆಯನ್ನೂ ಅಪ್ಪನನ್ನೂ ದೋಣಿಯಲ್ಲೇ ಬಿಟ್ಟು ಹೊರಟ ಪ್ರಸಂಗವನ್ನು ಎಷ್ಟು ಸಲ ಹೇಳಿದೆನೋ. ಅಣ್ಣ ಮುದ್ದೆ ಮುರಿಯುತ್ತ ಕೇಳುತ್ತಿದ್ದ.

ಹೀಗೆ ಮರುವರ್ಷದ ಮಾರ್ನಮಿ ಬಂತು. ನಮ್ಮ ಕಡೆ ಅದು ಹಿರಿಯರ ಹಬ್ಬ. ಮನೆಯಲ್ಲಿ ಸತ್ತವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಬಾಳೆಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಸತ್ತವರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ ಬಾಗಿಲು ತೆಗೆಯುತ್ತಾರೆ. ಆ ಎಡೆಯನ್ನು ಮನೆಯವರು ಉಣ್ಣುತ್ತಾರೆ, ಇಟ್ಟ ಬಟ್ಟೆಯನ್ನು ಮನೆಯವರೇ ಉಡುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿಯ ಎಲೆ ಅಣ್ಣನದು, ಅಪ್ಪನ ಎಲೆ ಕಿರಿಮಗನಾದ ನನ್ನದು. ಏಳನೇ ಕ್ಲಾಸಿನಿಂದ ನಾನೇ ಉಂಡಿದ್ದೆ. ಎಲೆಯಲ್ಲಿ ಒಂದಗಳು ಬಿಡುವ ಹಾಗಿಲ್ಲ.

ಅವ್ವ ಬಾಗಿಲು ತೆಗೆದು ಕರೆದಳು. "ಬಾ ಮಗ, ಕುಂತ್ಕೊ."

"ನಾನು ಉಣ್ಣಕಿಲ್ಲ ಅವ್ವ."

"ನಿಮ್ಮಪ್ಪನ ಎಡೆ ಕಣಪ್ಪ."

"ಅಪ್ಪ ಬಂದಿಲ್ಲ. ಸತ್ತೋರು ಬರಕಿಲ್ಲ. ಇದು ಗೋಡೆಗಿಟ್ಟ ಅನ್ನ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅಪ್ಪನ ಎಲೆಯ ಪಕ್ಕದಲ್ಲಿ ಅವ್ವ ಒಂದು ಕಟ್ಟು ಬೀಡಿ ಇಟ್ಟಿದ್ದಳು, ವರ್ಷವರ್ಷವೂ ಇಡುತ್ತಿದ್ದಳು. ನಾನು ಅದನ್ನೆತ್ತಿಕೊಂಡು, "ಅಲ್ಲಿ ಬೀಡಿ ಸೇದ್ತಾ ಕುಂತವ್ನಾ ಅವ್ನು?" ಎಂದು ಕೇಳಿ, ಕಟ್ಟನ್ನು ಎರಡು ತುಂಡು ಮಾಡಿ ಬಾಗಿಲಾಚೆ ಎಸೆದೆ. ಅವ್ವ ಹೊರಗೆ ಹೋಗಿ ಅಂಗಳದಲ್ಲಿ ಕೂತು ಮುರಿದ ಬೀಡಿಗಳನ್ನು ಸೆರಗಿಗೆ ಆಯ್ದುಕೊಂಡಳು.

ಅಣ್ಣ ಎಲೆಯ ಮುಂದೆ ಕೂತ. ಅಜ್ಜಿಯ ಎಲೆ ಮುಗಿಸಿದ. ಸರಿದು ಕೂತು ಅಪ್ಪನ ಎಲೆ ಮುಗಿಸಿದ, ನಿಧಾನವಾಗಿ, ಕೊನೆಯ ಅಗಳಿನವರೆಗೂ. ಹೊಟ್ಟೆ ತಡೆಯದೆ ಎರಡು ಸಲ ಕಣ್ಣು ಮುಚ್ಚಿ ಕೂತ. ಎಲೆ ಮಡಿಸಿ ನನ್ನ ಕಡೆ ತಿರುಗಿದ.

"ಲೇ, ನೀನೇ ಹೇಳ್ತಿದ್ದಲ್ಲ, ದೋಣೀಲಿ ಅವರಪ್ಪನ್ನ ಬುಟ್ಟು ಹೊಂಟ್ರು ಅಂತ. ಅವತ್ತು ಸಂಜೆ ಅವನಿಗೆ ಉಣ್ಣಕ್ಕಿಕ್ದೋರು ಯಾರ್ಲಾ?"

"ದೇವ್ರು ನೋಡ್ಕೊಂಡ" ಎಂದೆ ತಟ್ಟನೆ.

"ನೋಡ್ಕಂಡಿರ್ತಾನೆ ಬುಡು" ಎಂದು ಎದ್ದು ಕೈ ತೊಳೆದುಕೊಂಡ.

ಆ ಸಂಜೆಯೇ ಬಟ್ಟೆ ಗಂಟು ಕಟ್ಟಿಕೊಂಡು ಹಾರೋಹಳ್ಳಿಗೆ ಬಂದೆ. ಮನೆ ಬಿಟ್ಟು ಬಂದೆ ಎಂದು ಹಿರಿಯರ ಮುಂದೆ ಎದೆಯುಬ್ಬಿಸಿ ಹೇಳಿದೆ. ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಅವರು ನಡೆದದ್ದನ್ನೆಲ್ಲ ಕೇಳಿಸಿಕೊಂಡು, "ಊಟ ಬ್ಯಾಡ ಅಂದೆ, ಸರಿ. ಬೀಡಿ ಯಾಕಪ್ಪ ಮುರುದೆ?" ಎಂದರು.

ಒಂದು ವರ್ಷ ನಾನು ಊರಿಗೆ ಹೋಗಲಿಲ್ಲ, ಅವರೂ ಬಾ ಎನ್ನಲಿಲ್ಲ. ಕಾರ್ಖಾನೆಯವರು ಹೊರಗಿನ ಹುಲ್ಲುಪಟ್ಟಿಗೂ ಬೇಲಿ ಹಾಕಿದರು. ಅಣ್ಣ ಕುರಿ ಹೊಡೆದುಕೊಂಡು ಮಾಗಡಿ ಕಡೆಯ ಬೆಟ್ಟದ ತಪ್ಪಲಿಗೆ ಹೋಗುತ್ತಾನೆ, ವಾರಗಟ್ಟಲೆ ಬರುವುದಿಲ್ಲ, ಅವ್ವ ಈಗಲೂ ಅವನಿಗೆ ಕೈಯಾರೆ ಬಡಿಸುವುದಿಲ್ಲ ಎಂದೆಲ್ಲ ನಮ್ಮೂರಿನವನೇ ಆದ ಗೇಟಿನವನು ಹೇಳುತ್ತಿದ್ದ. ನನಗೆ ಈ ದಾರಿಯೂ ಬೇಕಿತ್ತು, ಅವ್ವನೂ ಬೇಕಿದ್ದಳು. ಪ್ರಾರ್ಥನೆಯಲ್ಲಿ ಬೇರೆ ಏನನ್ನೂ ಕೇಳುತ್ತಿರಲಿಲ್ಲ. ಅವ್ವ ಒಂದು ಸಲ ಮಗ ಎನ್ನಲಿ, ನನ್ನ ನಂಬಿಕೆಯನ್ನು ನಾನು ಇಟ್ಟುಕೊಂಡಿರುತ್ತೇನೆ ಎಂದು ಕೇಳುತ್ತಿದ್ದೆ. ಹಿರಿಯರು ಪ್ರತಿ ಭಾನುವಾರ ಅದೇ ಪ್ರಶ್ನೆ: "ಅಣ್ಣಂಗೆ ಹೇಳ್ದಾ?"

ಮತ್ತೆ ಮಾರ್ನಮಿ ಹತ್ತಿರ ಬಂದಾಗ ಗೇಟಿನವನು, "ನಿಮ್ಮವ್ವ ಹಬ್ಬಕ್ಕೆ ಬರಕ್ಕೇಳು ಅಂದ್ಲು" ಎಂದ. ಆ ದಿನ ನಾನು ಎರಡು ಸಲ ಲೆಕ್ಕ ತಪ್ಪಿ ಬರೆದೆ. ದೇವರು ಕೇಳಿಸಿಕೊಂಡ ಎಂದುಕೊಂಡೆ. ಎಡೆ ಮುಟ್ಟುವುದಿಲ್ಲ, ಆದರೆ ಮೆತ್ತಗೆ ಹೇಳುತ್ತೇನೆ. ಅಣ್ಣನ ಕಾಲು ಹಿಡಿದು ಕುರಿಯ ವಿಚಾರ ಹೇಳುತ್ತೇನೆ. ಬಸ್ಸಿಳಿದು ಊರಿನವರೆಗೆ ಇದನ್ನೇ ಬಾಯಿಪಾಠ ಮಾಡುತ್ತ ನಡೆದೆ.

ಅಣ್ಣ ಜಗಲಿಯಲ್ಲಿದ್ದ. "ಬಂದ್ಯಾ" ಎಂದ. ಒಳಗೆ ಅವ್ವ ಬಡಿಸುತ್ತಿದ್ದಳು. ಎರಡು ಎಲೆ ಇರಬೇಕಾದಲ್ಲಿ ಮೂರಿದ್ದವು. ಅಜ್ಜಿಯದು ಸೀರೆ, ಅಪ್ಪನದು ಪಂಚೆ, ಬೀಡಿ ಕಟ್ಟು. ಮೂರನೆಯ ಎಲೆಯ ಪಕ್ಕದಲ್ಲಿ ಮಡಿಕೆ ಬಿಚ್ಚದ ಹೊಸ ಅಂಗಿ, ಅದರ ಮೇಲೆ ಒಂದು ಪೆನ್ನು. ಎಲೆಯ ತುಂಬ ನನಗಿಷ್ಟದ ಕಜ್ಜಾಯ. ಅಂಗಿಯ ಅಳತೆ ನನ್ನದು.

"ಇದು ಯಾರ್ದವ್ವ?"

ಅವಳು ನನ್ನ ಮುಖ ನೋಡಲಿಲ್ಲ. "ನನ್ ಕಿರಿಮಗಂದು. ಹೋದೊರ್ಸ ಹೊಂಟೋದ."

"ಅವ್ವ."

"ಸತ್ತೋರು ಬರಕಿಲ್ಲ ಅಂತಿದ್ದ. ಬತ್ತಾನೋ ಇಲ್ವೋ ನೋಡಣ ಅಂತ ಇಕ್ಕಿವ್ನಿ. ಸರ್ಕೊಳಿ, ಧೂಪ ಹಾಕ್ಬೇಕು."

ಧೂಪ ಹಾಕಿ ಬಾಗಿಲು ಮುಚ್ಚಿದಳು. ಮೂವರೂ ಅಂಗಳದಲ್ಲಿ ನಿಂತೆವು. ನನ್ನ ಎಡೆಯನ್ನು ನಾನು ಬಂದು ಉಣ್ಣಲಿ ಎಂದು ನಾನೂ ಅವರ ಜೊತೆ ಹೊರಗೆ ಕಾದೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡುತ್ತಿದ್ದರು. ಈಗ ಹೇಳದಿದ್ದರೆ ಇನ್ನು ಎಂದಿಗೂ ಇಲ್ಲ ಎನಿಸಿ ನಾನು ಅಣ್ಣನ ಕಾಲು ಹಿಡಿದೆ.

"ಆ ಕುರಿ ನಮ್ದು ಅಂತ ಅವತ್ತು ನಾನು ಹೇಳ್ನಿಲ್ಲ ಕಣಣ್ಣ. ಯಾರ್ದೋ ಗೊತ್ತಿಲ್ಲ ಅಂದ್ಬುಟ್ಟೆ. ಹೇಳಿದ್ರೆ ಅವತ್ತೇ ಬುಡೋರು. ತಪ್ಪಾಯ್ತು."

ಅಣ್ಣ ನನ್ನ ತೋಳು ಹಿಡಿದು ಎತ್ತಿದ. "ಗೇಟ್ನೋನು ಅವತ್ತೇ ಹೇಳಿದ್ದ. ನಾನು ಅವತ್ತೇ ಬುಟ್ಟಾಕ್ದೆ. ಮುಚ್ಚು ಬಾಯ" ಎಂದು ಹಲ್ಲು ಕಚ್ಚಿ ಹೇಳಿದ. ಆಗ ನನಗೆ ಹೊಳೆಯಿತು, ಅವನು ಅದನ್ನು ಅಷ್ಟು ದಿನ ನುಂಗಿಕೊಂಡದ್ದು ಅವ್ವನಿಗಾಗಿ. ಓದಿದ ಮಗ ಒಬ್ಬನಾದರೂ ನೆಟ್ಟಗಿದ್ದಾನೆ ಎಂದು ಅವಳು ನಂಬಿಕೊಂಡಿರಲಿ ಎಂದು.

ಅವ್ವ ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು. "ಎರಡೊರ್ಸ ಇವನಿಗೆ ನಾನು ಕೈಯಾರೆ ಇಕ್ನಿಲ್ಲ" ಎಂದಳು. ಯಾರಿಗೆ ಹೇಳಿದಳೋ. ಕೆಮ್ಮಿದಳು, ಬಾಗಿಲು ತೆಗೆದಳು. ನೇರ ಮೂರನೆಯ ಎಲೆಯ ಹತ್ತಿರ ಹೋಗಿ ಅಂಗಿ ಎತ್ತಿ ಅಣ್ಣನ ಕೈಗೆ ಕೊಟ್ಟಳು. "ಇಕ್ಕೊ." ಅವನು ಬೇಡ ಎಂದ. "ಸತ್ತೋರ ಬಟ್ಟೆ ಮನೇರು ಇಕ್ಕಬೇಕು, ಇಕ್ಕೊ." ಅವನು ನನಗಿಂತ ಅಗಲ. ತೋಳು ತೂರಿಸುವಾಗ ಕಂಕುಳ ಹೊಲಿಗೆ ಬಿಟ್ಟುಕೊಂಡಿತು. ಅವ್ವ ಅವನನ್ನು ಕೂರಿಸಿ, ಅಪ್ಪನ ಎಲೆಯಿಂದ ಮುದ್ದೆ ಮುರಿದು ಅವನ ಬಾಯಿಗಿಟ್ಟಳು. ಮೂವತ್ತರ ಗಂಡಸು ಚಿಕ್ಕ ಮಗುವಿನಂತೆ ಬಾಯಿ ತೆರೆದ.

ಆಮೇಲೆ ಅವಳು ನನ್ನ ಎಲೆಯ ಮುಂದೆ ಕೂತಳು.

"ಅವ್ವ, ನಾನು ಬದ್ಕಿವ್ನಿ" ಎಂದೆ. "ಎಡೆ ಒಂದು ಬುಟ್ಟು ನೀನು ಏನು ಕೊಟ್ರೂ ಉಣ್ತೀನಿ."

ಅವಳು ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಂಡಳು. ಸಿಹಿ ಅವಳಿಗೆ ಸೇರುತ್ತಿರಲಿಲ್ಲ. ಎಂಟು ಕಜ್ಜಾಯವನ್ನೂ ಒಂದೊಂದಾಗಿ, ಅನ್ನವನ್ನು, ಸಾರನ್ನು, ನನ್ನನ್ನೇ ನೋಡುತ್ತ ಉಂಡಳು. ಒಂದಗಳು ಬಿಡಲಿಲ್ಲ. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಎಲೆ ಮಡಿಸಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಹೇಳಿದಳು:

"ನೀವು ದೂರದಿಂದ ಬಂದಿರೇನೋ. ಬಸ್ಸಿಗೆ ಹೊತ್ತಾಯ್ತದೆ, ಹೊರಡಿ."

ನಾನು ಹೊರಟೆ. ಎಡೆ ಉಂಡಿದ್ದರೆ ಅವತ್ತೇ ಎಲ್ಲ ಸರಿಹೋಗುತ್ತಿತ್ತು ಎಂದು ಊರಿನವರು ಈಗಲೂ ಹೇಳುತ್ತಾರೆ, ಇದ್ದರೂ ಇರಬಹುದು. ನಾನು ಉಣ್ಣಲಿಲ್ಲ, ಉಣ್ಣಲಿಲ್ಲವೆಂದು ಪಶ್ಚಾತ್ತಾಪವೂ ಇಲ್ಲ. ಬೀಡಿ ಮುರಿದದ್ದಕ್ಕೆ ಇದೆ, ರಿಜಿಸ್ಟರಿನಲ್ಲಿ ಬರೆದದ್ದಕ್ಕೆ ಇದೆ.

ಬದುಕಿರುವವರೆಗೂ ಅವ್ವ ಮೂರನೆಯ ಎಲೆ ಹಾಕುವುದನ್ನು ಬಿಡಲಿಲ್ಲವಂತೆ. ಅವಳು ಸತ್ತದ್ದು ನನಗೆ ಗೊತ್ತಾದದ್ದು ಮಣ್ಣಾದ ಐದನೆಯ ದಿನ. ಈಗ ಹಬ್ಬ ಮಾಡುವವನು ಅಣ್ಣ. ಕಳೆದ ಮಾರ್ನಮಿಯಲ್ಲಿ ನಾಲ್ಕು ಎಲೆ ಹಾಕಿದ್ದನಂತೆ. ಅವ್ವನ ಪಕ್ಕದ್ದು ನನ್ನದು.